ವಿದೇಶದಲ್ಲಿರುವ ಮಗನಿಗಾಗಿ ಮಂಡ್ಯದಿಂದಲೇ ಆಂಬುಲೆನ್ಸ್ ಕರೆಸಬಹುದೇ?

ಪ್ರಶ್ನೆ: ನಮ್ಮ ಮಗ ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾನೆ. ಅವನಿಗೆ ದಿಢೀರನೆ ಆರೋಗ್ಯ ಕೆಟ್ಟರೆ, ಮಂಡ್ಯದಿಂದ ನಾವು ಯಾವ ತುರ್ತು ಸಂಖ್ಯೆಗೆ ಕರೆ ಮಾಡಬೇಕು?

ಉತ್ತರ: ಮಂಡ್ಯ, ಮೈಸೂರು ಕಡೆಯ ಅನೇಕ ತಂದೆತಾಯಿಯರು ಕೇಳುವ ಪ್ರಶ್ನೆ ಇದು. ಆಸ್ಟ್ರೇಲಿಯಾದಲ್ಲಿ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಇರುವ ಸಂಖ್ಯೆ 000. ಆದರೆ ಅದರ ಹಿಂದೆ ದೇಶದ ಕೋಡ್ 61 ಸೇರಿಸಿ ಇಲ್ಲಿಂದ ಒತ್ತಿದರೆ ಕರೆ ಅಲ್ಲಿಗೆ ತಲುಪುವುದಿಲ್ಲ. ಇಂತಹ ಕಿರುಸಂಖ್ಯೆಗಳನ್ನು ಕರೆ ಹೊರಟ ಜಾಗದ ದೂರವಾಣಿ ಜಾಲವೇ ಗುರುತಿಸಿ, ತನ್ನ ವ್ಯಾಪ್ತಿಯ ನಿಯಂತ್ರಣ ಕೊಠಡಿಗೆ ದಾಟಿಸುತ್ತದೆ. ಹೀಗಾಗಿ ನೀವು ಮಂಡ್ಯದಲ್ಲಿ 112 ಒತ್ತಿದರೆ ಕರೆಯನ್ನು ಸ್ವೀಕರಿಸುವವರು ಕರ್ನಾಟಕದ ಸಿಬ್ಬಂದಿ. ನಿಮ್ಮ ಮಗ ಮೆಲ್ಬರ್ನ್‌ನಲ್ಲಿ ಮೊಬೈಲಿನಿಂದ ಅದೇ 112 ಒತ್ತಿದರೆ ಅದು 000ರ ಸೇವೆಗೇ ಹೋಗುತ್ತದೆ.

ಪ್ರತಿಯೊಂದು ದೇಶವೂ ತನ್ನ ಜಾಲಕ್ಕೆ ಒಗ್ಗುವ ಸಂಖ್ಯೆಯನ್ನು ಆರಿಸಿಕೊಂಡಿತು. ಲಂಡನ್‌ನಲ್ಲಿ 1937ರಲ್ಲಿ 999 ಆರಂಭವಾಯಿತು. 1958ರಲ್ಲಿ ನ್ಯೂಜಿಲೆಂಡ್ 111 ಅನ್ನು ತಂದಿತು. ಅಲ್ಲಿನ ತಿರುಗುವ ಡಯಲಿನಲ್ಲಿ ಅಂಕಿಗಳು ಬ್ರಿಟನ್ನಿನದಕ್ಕೆ ವಿರುದ್ಧ ಕ್ರಮದಲ್ಲಿದ್ದ ಕಾರಣ, 1 ಅನ್ನು ತಿರುಗಿಸಿದರೆ ಬ್ರಿಟನ್ನಿನ 9ರಷ್ಟೇ, ಅಂದರೆ ಒಂಬತ್ತು ವಿದ್ಯುತ್ ಮಿಡಿತಗಳು ವಿನಿಮಯ ಕೇಂದ್ರಕ್ಕೆ ಹೋಗುತ್ತಿದ್ದವು. ಅಮೆರಿಕದಲ್ಲಿ 911 ಬಂದದ್ದು 1968ರಲ್ಲಿ. ಜಪಾನಿನಲ್ಲಿ ಇಂದಿಗೂ ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ಹಾಗಾದರೆ ನೀವು ಮಾಡಬೇಕಾದದ್ದು ಇಷ್ಟು: ಮಗನ ಮನೆಗೆ ಹತ್ತಿರದ ಪೊಲೀಸ್ ಠಾಣೆ, ವಿಶ್ವವಿದ್ಯಾಲಯದ ಭದ್ರತಾ ವಿಭಾಗ, ಜೊತೆಗಿರುವ ಗೆಳೆಯ, ಮನೆಯ ಮಾಲೀಕರು, ಇವರೆಲ್ಲರ ಪೂರ್ಣ ಸಂಖ್ಯೆಗಳನ್ನು ದೇಶದ ಕೋಡ್ ಸಮೇತ ಇಂದೇ ಬರೆದಿಟ್ಟುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಮೊದಲ ಕರೆ ಗೆಳೆಯನಿಗೇ ಹೋಗಬೇಕು, ಏಕೆಂದರೆ ಅವನು ಅಲ್ಲಿಂದಲೇ 000 ಒತ್ತಬಲ್ಲ. ವಿಳಾಸವನ್ನು ಬರೆಯುವಾಗ ಫ್ಲ್ಯಾಟ್ ಸಂಖ್ಯೆ, ರಸ್ತೆ, ಬಡಾವಣೆ, ನಾಲ್ಕಂಕಿಯ ಅಂಚೆ ಸಂಖ್ಯೆ ಮತ್ತು ಹತ್ತಿರದ ಅಡ್ಡರಸ್ತೆ, ಇವಿಷ್ಟೂ ಇರಲಿ. ಗಾಬರಿಯಲ್ಲಿ ನೆನಪು ಕೈಕೊಡುವುದು ಸಹಜ; ಆದ್ದರಿಂದ ಈ ಚೀಟಿಯನ್ನು ಮೊಬೈಲಿನೊಳಗೆ ಮಾತ್ರವಲ್ಲದೆ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲೂ ಅಂಟಿಸಿಡಿ.

ಇದೇ ಸಿದ್ಧತೆ ನಿಮ್ಮ ಮಗನ ಕಡೆಯಿಂದಲೂ ಬೇಕು. ನಿಮಗೇ ತೊಂದರೆಯಾದಾಗ ಅವನು ಅಲ್ಲಿಂದ 112 ಅಥವಾ 108 ಒತ್ತಿ ಮಂಡ್ಯವನ್ನು ತಲುಪಲಾರ. ನೆರೆಮನೆಯವರ ಮೊಬೈಲ್ ಸಂಖ್ಯೆಯ ಜೊತೆಗೆ ನಿಮ್ಮ ಬಡಾವಣೆಯ ಠಾಣೆಯ ಸ್ಥಿರ ದೂರವಾಣಿಯೂ ಅವನ ಬಳಿ ಇರಬೇಕು. ಅದನ್ನು ಉಳಿಸಿಕೊಳ್ಳುವಾಗ ಮಂಡ್ಯದ 08232ರ ಮೊದಲ ಸೊನ್ನೆಯನ್ನು ಬಿಟ್ಟು, 91ರ ನಂತರ 8232 ಮತ್ತು ಉಳಿದ ಆರು ಅಂಕಿಗಳನ್ನು ಸೇರಿಸಬೇಕು.