ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ ಮುಂಗಾರಿನ ಬೆಳಕು: ಫೋಟೋ ಕಲಿಯುವವರಿಗೆ ಟಿಪ್ಪಣಿ

ದಂಡೆಯ ಫೋಟೋಗ್ರಫಿ ಕಲಿಯಲು ಕೊಪ್ಪಳದವರು ಕಾರವಾರಕ್ಕೇ ಹೋಗಬೇಕೆಂದಿಲ್ಲ. ಮುನಿರಾಬಾದ್ ಕಡೆಯ ಹಿನ್ನೀರಿನಲ್ಲಿ ಅಲೆ, ಗಾಳಿ, ಓಡುವ ಮೋಡ ಎಲ್ಲವೂ ಇವೆ. ಕಡಲಿನ ಅಂಚು ಸುಮಾರು ಆರು ತಾಸಿಗೊಮ್ಮೆ ಏರುತ್ತದೆ, ಇಳಿಯುತ್ತದೆ. ಇಲ್ಲಿ ಅದು ಒಳಹರಿವಿನ ಮಾತು: ಮಲೆನಾಡಿನಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಅಂದಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿಕೊಂಡೇ ಹೊರಡಿ. ಜೂನ್‌ನಲ್ಲಿ ಗುರುತಿಟ್ಟ ಕಲ್ಲು ಆಗಸ್ಟ್‌ನಲ್ಲಿ ನೀರಡಿ ಹೋಗಿರುತ್ತದೆ.

ದಿಕ್ಕು ಮೊದಲು ತಿಳಿದಿರಲಿ. ಮುಂಗಾರಿನ ಗಾಳಿ, ಮೋಡ ಎರಡೂ ಪಶ್ಚಿಮ-ನೈಋತ್ಯದಿಂದ ನೀರಿನ ಮೇಲೆ ಹಾದು ಬರುತ್ತವೆ. ಸಂಜೆಯ ಬೆಳಕೂ ಅತ್ತಲೇ. ಅಂದರೆ ಒಳ್ಳೆಯ ಚಿತ್ರಕ್ಕೆ ಮುಖ ಮಾಡಿದಾಗಲೇ ಹನಿ ನೇರ ಲೆನ್ಸಿಗೆ ಬಡಿಯುತ್ತದೆ. ಹುಡ್ (ಲೆನ್ಸಿನ ಮುಂದಿನ ಮರೆ) ಹಾಕಿ, ಚೌಕಟ್ಟು ಹೊಂದಿಸಿದ ಮೇಲೆ ಲೆನ್ಸನ್ನು ಒಣ ಬಟ್ಟೆಯಿಂದ ಮುಚ್ಚಿಡಿ, ಒತ್ತುವ ಕ್ಷಣಕ್ಕೆ ತೆಗೆಯಿರಿ. ಜೂನ್-ಜುಲೈನಲ್ಲಿ ಸೂರ್ಯ ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಸೆಪ್ಟೆಂಬರ್ ಕೊನೆಗೆ ನೇರ ಪಶ್ಚಿಮಕ್ಕೆ ಬರುತ್ತಾನೆ.

ನಮಗೆ ಬೇಕಾದದ್ದು ಮಳೆ ಮೋಡದ ಕೆಳಗೂ ದಿಗಂತದ ಮೇಲೂ ಉಳಿಯುವ ತೆಳು ಸೀಳು. ಸೂರ್ಯ ಅಲ್ಲಿಗೆ ಇಳಿದಾಗ ಮೋಡದ ಹೊಟ್ಟೆ ಕೆಳಗಿನಿಂದ ಕೆಂಪೇರುತ್ತದೆ. ಅದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಟ್ರೈಪಾಡ್ ಬಿಚ್ಚುತ್ತ ಕೂತರೆ ಕೆಲಸ ಕೆಟ್ಟಿತು. ಅರ್ಧ ತಾಸು ಮೊದಲೇ ಎಲ್ಲ ಸಿದ್ಧವಿರಲಿ: ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ), ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್/11 (ಲೆನ್ಸಿನ ಬಾಯಿಯ ಅಳತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 5500 ಕೆಲ್ವಿನ್‌ಗೆ ಕಟ್ಟಿಟ್ಟು. ಆಟೋದಲ್ಲಿ ಬಿಟ್ಟರೆ ಪ್ರತಿ ಮೋಡಕ್ಕೂ ಬಣ್ಣ ಬೇರೆಯಾಗುತ್ತದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 20 ಮಿ.ಮೀ. ಲೆನ್ಸಿದ್ದರೆ ಸುಮಾರು ಒಂದೂವರೆ ಮೀಟರಿಗೆ ಫೋಕಸ್ ಮಾಡಿ, ಕಾಲಬುಡದ ಕಲ್ಲಿನಿಂದ ದಿಗಂತದವರೆಗೆ ಸ್ಪಷ್ಟ. ಎಫ್/22ಕ್ಕೆ ಹೋಗಬೇಡಿ, ಡಿಫ್ರಾಕ್ಷನ್‌ನಿಂದ (ಕಿರಿದಾದ ಬಾಯಲ್ಲಿ ಬೆಳಕು ಚದುರುವುದರಿಂದ) ಇಡೀ ಚಿತ್ರ ಮೃದುವಾಗುತ್ತದೆ.

ಆಕಾಶಕ್ಕೂ ನೆಲಕ್ಕೂ ಬೆಳಕಿನ ಅಂತರ ಹೆಚ್ಚಿದ್ದಾಗ ಒಂದೇ ದೃಶ್ಯದ ಮೂರು ಎಕ್ಸ್‌ಪೋಶರ್ (ಕಡಿಮೆ, ಸರಿ, ಹೆಚ್ಚು ಬೆಳಕಿನ ಚಿತ್ರ) ತೆಗೆದು ಕೂಡಿಸುವುದು ರೂಢಿ. ಆದರೆ ಅಲೆ, ಮೋಡ ಎರಡೂ ಓಡುತ್ತಿರುವಾಗ ಕೂಡಿಸಿದಲ್ಲಿ ಅಂಚುಗಳು ಹೊಂದುವುದಿಲ್ಲ. ಬಯಲು ನೀರಿಗೆ ಮೆದು ಅಂಚಿನ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಗ್ರ್ಯಾಜುಯೇಟೆಡ್ ಫಿಲ್ಟರೇ, ಅಂದರೆ ಮೇಲರ್ಧ ಮಾತ್ರ ಕಪ್ಪಾಗಿರುವ ಗಾಜೇ, ಮೇಲು. ಆನೆಗೊಂದಿ, ಸಾಣಾಪುರದಂತೆ ಬಂಡೆ ಆಕಾಶಕ್ಕೆ ಏರಿದ ಕಡೆ ಮಾತ್ರ ಅದು ಬಂಡೆಯ ತಲೆಯನ್ನೂ ಕಪ್ಪು ಮಾಡುತ್ತದೆ, ಅಲ್ಲಿ ಮೂರು ಎಕ್ಸ್‌ಪೋಶರೇ ಸರಿ.

ಅಲೆಯ ಗೆರೆ ಉಳಿಯಬೇಕೆಂದರೆ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡು ಸಾಕು. ಆರು ಸ್ಟಾಪ್ ಎನ್‌ಡಿ ಫಿಲ್ಟರ್ (ಇಡೀ ಕಪ್ಪು ಗಾಜು) ಬೆಳಕನ್ನು 64 ಪಟ್ಟು ಕಡಿಮೆ ಮಾಡುತ್ತದೆ, 1/30 ಸೆಕೆಂಡು ಇದ್ದದ್ದು ಎರಡು ಸೆಕೆಂಡಾಗುತ್ತದೆ. ಹತ್ತು ಸ್ಟಾಪಿಗೆ ಅದೇ ಅರ್ಧ ನಿಮಿಷ. ಅಷ್ಟು ಹೊತ್ತಿಗೆ ನೀರು ಹಾಲಿನಂತೆ ಚಪ್ಪಟೆಯಾಗಿ ಗಾಳಿಯ ಸುಳಿವೇ ಇಲ್ಲದಾಗುತ್ತದೆ. ಮಳೆಗಾಲದ ಹಿನ್ನೀರಿಗೆ ಅದು ಒಪ್ಪುವುದಿಲ್ಲ.

ದೀರ್ಘ ಎಕ್ಸ್‌ಪೋಶರ್ ಮಸುಕಾದರೆ ಎಲ್ಲರೂ ಗಾಳಿಯನ್ನು ದೂರುತ್ತಾರೆ. ನೆಲ ನೋಡಿ. ನೀರು ಹಿಂದೆ ಸರಿದಲ್ಲಿ ಉಳಿದ ಮೆತ್ತನೆ ಕೆಸರು ಮೇಲೆ ಹೊಪ್ಪಳೆಗಟ್ಟಿ ಗಟ್ಟಿಯಂತೆ ಕಾಣುತ್ತದೆ, ಟ್ರೈಪಾಡಿನ ಒಂದು ಕಾಲು ಮಾತ್ರ ಮೆಲ್ಲಗೆ ಇಳಿಯುತ್ತಿರುತ್ತದೆ. ಕಾಲನ್ನು ಒತ್ತಿ ತಳ ಸಿಗುವವರೆಗೆ ಇಳಿಸಿ, ಇಲ್ಲವೇ ಮೂರಕ್ಕೂ ಚಪ್ಪಟೆ ಕಲ್ಲು ಕೊಡಿ. ನಡು ಕಂಬ ಎತ್ತಬೇಡಿ. ಚೀಲ ತೂಗಿಸಿದರೆ ಅದು ನೆಲಕ್ಕೆ ತಾಗಿರಲಿ, ತೂಗಾಡುವ ಚೀಲವೇ ಅಲುಗಾಟ ತರುತ್ತದೆ.

ಮಳೆ ದಾಟಿದ ಮೇಲೆ ಹಿಂದೆ ತಿರುಗಿ. ಸಂಜೆಯ ಕಾಮನಬಿಲ್ಲು ಪೂರ್ವದ ಗುಡ್ಡಗಳ ಮೇಲೆ ಮೂಡುತ್ತದೆ. ಅದರ ತ್ರಿಜ್ಯ 42 ಡಿಗ್ರಿ, ಪೂರ್ತಿ ಕಮಾನಿಗೆ ಸುಮಾರು 18 ಮಿ.ಮೀ. ಲೆನ್ಸ್ ಬೇಕು. ಪೋಲರೈಸರ್ (ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಹಾಕಿದ್ದರೆ ತಿರುಗಿಸಿ ನೋಡಿ: ಒಂದು ಕೋನದಲ್ಲಿ ಬಣ್ಣ ಗಾಢವಾಗುತ್ತದೆ, ಇನ್ನೊಂದರಲ್ಲಿ ಬಿಲ್ಲೇ ಮಾಯ.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು ಹತ್ತು ಕಿಲೋಮೀಟರೊಳಗಿದೆ. ಬಯಲು ದಂಡೆಯಲ್ಲಿ ಎತ್ತರಕ್ಕಿರುವುದು ನೀವೇ. ಟ್ರೈಪಾಡನ್ನು ಅಲ್ಲೇ ಬಿಟ್ಟು ವಾಹನದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಾಯಿರಿ.