ಪಿಚರ್ಸ್ ಡ್ಯೂಯಲ್: ರನ್ನೇ ಬಾರದ ಆಟದ ರೋಚಕತೆ

ಬೇಸ್‌ಬಾಲ್‌ನಲ್ಲಿ ಎರಡೂ ತಂಡಗಳ ಪಿಚರ್‌ಗಳು ಒಬ್ಬರನ್ನೊಬ್ಬರು ಮೀರಿಸುವಂತೆ ಚೆಂಡು ಎಸೆದು, ಬ್ಯಾಟರ್‌ಗಳನ್ನು ಕಟ್ಟಿಹಾಕುವ ಪಂದ್ಯಕ್ಕೆ ‘ಪಿಚರ್ಸ್ ಡ್ಯೂಯಲ್’ ಎನ್ನುತ್ತಾರೆ. ಸ್ಕೋರ್ ಸಾಮಾನ್ಯವಾಗಿ 1-0 ಅಥವಾ 2-1.

ಸ್ಕೋರ್ ಕಡಿಮೆ ಇದ್ದ ಮಾತ್ರಕ್ಕೆ ಈ ಹೆಸರು ಸಲ್ಲುವುದಿಲ್ಲ. ಬ್ಯಾಟರ್ ಮೈದಾನದ ಮೂರು ಬೇಸ್‌ಗಳನ್ನು ಸುತ್ತಿ ಶುರುವಿನ ಜಾಗಕ್ಕೆ, ಅಂದರೆ ಹೋಮ್‌ಗೆ, ಮರಳಿದರೆ ಒಂದು ರನ್. ಮೂರು ಬೇಸ್‌ಗಳಲ್ಲೂ ಓಟಗಾರರು ನಿಂತಿದ್ದಾಗ ಬ್ಯಾಟರ್‌ಗಳು ಮತ್ತೆ ಮತ್ತೆ ಅವಕಾಶ ಕೈಚೆಲ್ಲಿದರೂ 1-0 ಆಗಬಹುದು. ಅದು ಸುಮ್ನೆ ಕೆಟ್ಟ ಬ್ಯಾಟಿಂಗ್, ಅಷ್ಟೇ. ಡ್ಯೂಯಲ್‌ನಲ್ಲಿ ಬ್ಯಾಟರ್ ಮೊದಲ ಬೇಸ್ ತಲುಪುವುದೇ ದೊಡ್ಡ ಸುದ್ದಿ.

ಕ್ರಿಕೆಟ್‌ನಲ್ಲಿ ಆರು ಎಸೆತ ಮುಗಿದರೆ ಬೌಲರ್ ಬದಲಾಗಲೇಬೇಕು. ಇಲ್ಲಿ ಹಾಗಿಲ್ಲ. ಶುರು ಮಾಡಿದ ಪಿಚರ್ ತಾಕತ್ತಿದ್ದರೆ ಒಂಬತ್ತೂ ಇನ್ನಿಂಗ್ಸ್ (ಒಂದೊಂದರಲ್ಲೂ ಎರಡೂ ತಂಡಗಳಿಗೆ ಒಂದೊಂದು ಸಲ ಬ್ಯಾಟಿಂಗ್) ಎಸೆಯಬಹುದು. ಆದರೆ ಒಮ್ಮೆ ಅವರನ್ನು ತೆಗೆದು ಬೇರೆಯವರನ್ನು ಕರೆತಂದರೆ ಆ ಪಂದ್ಯಕ್ಕೆ ವಾಪಸ್ ಬರುವಂತಿಲ್ಲ. ಯಾರು ಮೊದಲು ಸುಸ್ತಾಗುತ್ತಾರೆ, ಯಾರ ಒಂದು ಎಸೆತ ತಪ್ಪುತ್ತದೆ ಎಂದು ಕಾಯುವುದರಲ್ಲೇ ಮಜಾ ಇರುವುದು.

ಇದಕ್ಕೆ ಹೆಚ್ಚಾಗಿ ಕೊಡುವ ಉದಾಹರಣೆ 1963ರ ಜುಲೈ 2ರ ರಾತ್ರಿಯದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಜೈಂಟ್ಸ್ ತಂಡಕ್ಕೆ 25 ವರ್ಷದ ಹ್ವಾನ್ ಮರಿಷಾಲ್, ಮಿಲ್ವಾಕಿ ಬ್ರೇವ್ಸ್‌ಗೆ 42 ವರ್ಷದ ವಾರನ್ ಸ್ಪಾನ್. ಒಂಬತ್ತು ಇನ್ನಿಂಗ್ಸ್ ಮುಗಿದರೂ 0-0. ಹದಿನೈದು ಮುಗಿದರೂ ಅದೇ ಕಥೆ. ಮರಿಷಾಲ್ ಅವರನ್ನು ತೆಗೆಯಲು ಮ್ಯಾನೇಜರ್ ಮುಂದಾದರಂತೆ. ಅಷ್ಟು ವಯಸ್ಸಾದವರೇ ಅಲ್ಲಿ ಎಸೆಯುತ್ತಿರುವಾಗ ನಾನು ಹೋಗುವುದಿಲ್ಲ ಎಂದು ಈ ಹುಡುಗ ಪಟ್ಟು ಹಿಡಿದರಂತೆ! ಕೊನೆಗೆ 16ನೇ ಇನ್ನಿಂಗ್ಸ್‌ನಲ್ಲಿ ಸ್ಪಾನ್ ಎಸೆತಕ್ಕೆ ಜೈಂಟ್ಸ್‌ನ ವಿಲ್ಲಿ ಮೇಸ್ ಚೆಂಡನ್ನು ಬೇಲಿಯಾಚೆ ಕಳಿಸಿ ಹೋಮ್ ರನ್ ಬಾರಿಸಿದರು. 1-0. ಮರಿಷಾಲ್ ಎಸೆದದ್ದು 227 ಚೆಂಡು, ಸ್ಪಾನ್ 201.

ನನಗೆ ಅದಕ್ಕಿಂತ ಇಷ್ಟ 1965ರ ಸೆಪ್ಟೆಂಬರ್ 9ರ ಪಂದ್ಯ. ಲಾಸ್ ಏಂಜಲೀಸ್ ಡಾಜರ್ಸ್‌ನ ಸ್ಯಾಂಡಿ ಕೋಫ್ಯಾಕ್ಸ್ ಅಂದು ಶಿಕಾಗೋ ಕಬ್ಸ್‌ನ ಒಬ್ಬ ಬ್ಯಾಟರ್‌ನನ್ನೂ ಬೇಸ್ ತಲುಪಲು ಬಿಡಲಿಲ್ಲ. 27 ಮಂದಿ ಬಂದರು, 27 ಮಂದಿ ಔಟ್. ಇದಕ್ಕೆ ‘ಪರ್ಫೆಕ್ಟ್ ಗೇಮ್’ ಎನ್ನುತ್ತಾರೆ. ಎಲ್ಲರೂ ನೆನಪಿಡುವುದು ಅವರನ್ನೇ. ಆದರೆ ಎದುರು ಎಸೆದ ಬಾಬ್ ಹೆಂಡ್ಲಿ ಕೊಟ್ಟಿದ್ದು ಒಂದೇ ಒಂದು ಹಿಟ್, ಅಂದರೆ ಹೊಡೆದು ಬೇಸ್ ತಲುಪಿದ್ದು ಒಂದೇ ಸಲ! ಡಾಜರ್ಸ್‌ಗೆ ಸಿಕ್ಕ ರನ್ ಆ ಹಿಟ್‌ನಿಂದಲೂ ಬಂದಿದ್ದಲ್ಲ. ಲೂ ಜಾನ್ಸನ್ ನಾಲ್ಕು ಗುರಿ ತಪ್ಪಿದ ಎಸೆತಗಳಿಗೆ (‘ಬಾಲ್’) ಪುಕ್ಕಟೆ ಸಿಗುವ ವಾಕ್ ಪಡೆದು ಮೊದಲ ಬೇಸ್‌ಗೆ ಹೋದರು. ಜೊತೆಗಾರ ಮೆಲ್ಲಗೆ ತಟ್ಟಿದ ಬಂಟ್‌ನಿಂದ ಎರಡನೆಯದಕ್ಕೆ ಸಾಗಿದರು. ಯಾರೂ ಚೆಂಡು ಹೊಡೆಯದಿದ್ದರೂ ಮೂರನೆಯದಕ್ಕೆ ಓಡಿ ಅದನ್ನು ‘ಕದಿಯಲು’ ಹೋದಾಗ ಅವರನ್ನು ತಡೆಯಲು, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಎಸೆದ ಚೆಂಡು ಗುರಿ ತಪ್ಪಿತು. ಜಾನ್ಸನ್ ಹೋಮ್ ಸೇರಿದರು. ಪಾಪ ಹೆಂಡ್ಲಿ, ಇದಕ್ಕಿಂತ ಚೆನ್ನಾಗಿ ಎಸೆದು ಸೋಲುವುದು ಕಷ್ಟ ಅಲ್ವಾ? ಐದು ದಿನದ ನಂತರ ಶಿಕಾಗೋದಲ್ಲಿ ಇದೇ ಇಬ್ಬರು ಮತ್ತೆ ಎದುರಾದಾಗ ಹೆಂಡ್ಲಿ 2-1ರಿಂದ ಸೇಡು ತೀರಿಸಿಕೊಂಡರು.

1968ರ ಹೊತ್ತಿಗೆ ಪಿಚರ್‌ಗಳ ಕೈ ಎಷ್ಟು ಮೇಲಾಯಿತೆಂದರೆ, ಬ್ಯಾಟರ್‌ಗಳಿಗೆ ಅನುಕೂಲವಾಗಲೆಂದು ಮರುವರ್ಷ ಅವರು ನಿಂತು ಎಸೆಯುವ ದಿಬ್ಬದ ಎತ್ತರವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು.

ಈಗ ಇಂಥ ಪಂದ್ಯ ಅಪರೂಪ. ಸುಮಾರು ನೂರು ಎಸೆತ ಆಗುತ್ತಿದ್ದಂತೆ, ಎಷ್ಟೋ ಸಲ ಅದಕ್ಕೂ ಮೊದಲೇ, ಪಿಚರ್‌ರನ್ನು ಬದಲಿಸುತ್ತಾರೆ. ಭುಜ, ಮೊಣಕೈ ಉಳಿಸಿಕೊಳ್ಳಬೇಕಲ್ಲ. 2020ರಿಂದ ಅಮೆರಿಕದ ಮೇಜರ್ ಲೀಗ್‌ನ ಲೀಗ್ ಹಂತದ ಪಂದ್ಯಗಳ ಹೆಚ್ಚುವರಿ ಇನ್ನಿಂಗ್ಸ್‌ಗಳಲ್ಲಿ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ಮೊದಲೇ ನಿಲ್ಲಿಸುತ್ತಾರೆ. ಹಾಗಾಗಿ 0-0 ಜಾಸ್ತಿ ಹೊತ್ತು ಎಳೆಯುವುದಿಲ್ಲ. ಪ್ಲೇಆಫ್‌ಗೆ ಈ ನಿಯಮ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ 15ನೇ ಇನ್ನಿಂಗ್ಸ್‌ನಲ್ಲಿ ಟ್ಯಾಂಪಾ ಬೇ ರೇಸ್ ತಂಡವನ್ನು 1-0ರಿಂದ ಸೋಲಿಸಿತು. ಒಳ್ಳೆಯ ಪಿಚಿಂಗ್, ನಿಜ. ಆದರೆ ಎರಡೂ ಕಡೆ ಸಾಲಾಗಿ ಪಿಚರ್‌ಗಳು ಬಂದು ಹೋದರು. ಅದನ್ನು ನಾನಂತೂ ಡ್ಯೂಯಲ್ ಎನ್ನಲಾರೆ.