ಪಥ್ಯ ಮಾಡಿದರೂ ಇಳಿಯದ ಶುಗರ್: ಆಂಟಿಬಾಡಿ ಹೇಳುವ ಕಥೆ

ತೀರ್ಥಹಳ್ಳಿ, ಹೊಸನಗರದ ಕಡೆ ಯಾರಿಗಾದರೂ ಶುಗರ್ ಹತೋಟಿಗೆ ಬರದಿದ್ದರೆ ಮೊದಲು ಬೈಸಿಕೊಳ್ಳುವುದು ಅವರ ಊಟ. ಅನ್ನ ಬಿಡಲಿಲ್ಲ, ಹಲಸಿನ ಹಣ್ಣು ತಿಂದರು, ಪಥ್ಯ ಸರಿಯಿಲ್ಲ ಎಂದು ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಸಣಕಲು ಮೈಯ, 30–35ರ ಆಸುಪಾಸಿನವರು ಮಾತ್ರೆ ತಪ್ಪಿಸದೆ ನುಂಗಿಯೂ ಸೊರಗುತ್ತಿದ್ದರೆ ಸುಮ್ನೆ ಅನ್ನವನ್ನು ಬೈದು ಏನು ಬಂತು?

ಅಂಥವರಲ್ಲಿ ಕೆಲವರದು ಬೇರೆ ಬಗೆಯ ಮಧುಮೇಹ: ಮೈಯ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೆಡಿಸುತ್ತದೆ. ಈ ಕಾಯಿಲೆಯಲ್ಲಿ ಮದ್ದು ಮೊದಲು ಬಂತು, ಕಾರಣ ಆಮೇಲೆ ತಿಳಿಯಿತು. ಟೊರೊಂಟೊದಲ್ಲಿ 1922ರಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟರು. ಮೇದೋಜೀರಕ ಗ್ರಂಥಿಯ ಮೇಲೆ ಮೈಯೇ ದಾಳಿ ಮಾಡುತ್ತದೆ ಎಂಬ ಸುಳಿವು, ಅಂದರೆ ದಾಳಿಯ ಗುರುತಾದ ಆಂಟಿಬಾಡಿ (ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನು), ರಕ್ತದಲ್ಲಿ ಸಿಕ್ಕಿದ್ದು 1974ರಲ್ಲಿ, ಲಂಡನ್ನಿನ ಸಂಶೋಧಕರಾದ ಬೊಟಾಝೊ ಮತ್ತು ಡೊನಿಯಾಕ್ ಅವರಿಗೆ.

ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಆಗಿನ ಇನ್ಸುಲಿನ್ ದನ, ಹಂದಿಗಳದ್ದು. ಅದನ್ನು ಚುಚ್ಚಿಸಿಕೊಂಡವರ ರಕ್ತದಲ್ಲಿ ಇನ್ಸುಲಿನ್ ವಿರುದ್ಧವೇ ಆಂಟಿಬಾಡಿ ಹುಟ್ಟುತ್ತದೆ ಎಂದು 1956ರಲ್ಲಿ ಅಮೆರಿಕದ ಬರ್ಸನ್ ಮತ್ತು ಯಾಲೋ ತೋರಿಸಿದರು. ವೈದ್ಯಕೀಯ ಪತ್ರಿಕೆಯವರು ನಂಬಲಿಲ್ಲ; ಮೊದಲು ಲೇಖನ ತಿರಸ್ಕರಿಸಿದರು, ಆಮೇಲೆ ಶೀರ್ಷಿಕೆಯಿಂದ ‘ಆಂಟಿಬಾಡಿ’ ಎಂಬ ಪದವನ್ನೇ ತೆಗೆಸಿದರು. 1977ರಲ್ಲಿ ಯಾಲೋಗೆ ನೊಬೆಲ್ ಬಂದಾಗ ಅವರು ಆ ತಿರಸ್ಕಾರದ ಪತ್ರವನ್ನೂ ಭಾಷಣದಲ್ಲಿ ತೋರಿಸಿದರು. ಮರೆತಿರಲಿಲ್ಲ, ಅಲ್ವಾ!

ಅಂದರೆ ಚಿಕಿತ್ಸೆಯೂ ಆಂಟಿಬಾಡಿ ಹುಟ್ಟಿಸಬಲ್ಲದು. ಒಂದೂ ಚುಚ್ಚುಮದ್ದು ಪಡೆಯದ ಹೊಸ ರೋಗಿಗಳಲ್ಲೂ ಇನ್ಸುಲಿನ್ ಆಂಟಿಬಾಡಿ ಇರುತ್ತದೆ ಎಂದು ಗೊತ್ತಾದದ್ದು 1983ರಲ್ಲಿ. ಹಾಗಾಗಿ ಇನ್ಸುಲಿನ್ ಆಂಟಿಬಾಡಿ ಪರೀಕ್ಷೆಗೆ ಸೂಜಿ ಶುರುವಾಗುವ ಮೊದಲೇ ರಕ್ತ ಕೊಡಬೇಕು. ಎರಡು ವಾರ ಕಳೆದರೆ ರೋಗದ್ದು ಯಾವುದು, ಮದ್ದಿನದ್ದು ಯಾವುದು ಎಂದು ಹೇಳಲಾಗದು. ಇನ್ಸುಲಿನ್ ತಯಾರಿಸುವ ಕೋಶಗಳಲ್ಲಿರುವ ಗ್ಯಾಡ್ ಎಂಬ ಕಿಣ್ವದ ವಿರುದ್ಧ ಹುಟ್ಟುವ ಗ್ಯಾಡ್ ಆಂಟಿಬಾಡಿಯ ಪರೀಕ್ಷೆಗೆ ಈ ತೊಡಕಿಲ್ಲ.

ಗ್ಯಾಡ್‌ನ ಮಹತ್ವ ಸ್ಪಷ್ಟವಾದದ್ದು ಬ್ರಿಟನ್ನಿನ ದೊಡ್ಡ ಅಧ್ಯಯನದಿಂದ. ಟೈಪ್ 2, ಅಂದರೆ ಸಾಮಾನ್ಯ ಬಗೆಯ ಮಧುಮೇಹ ಎಂದು ಗುರುತಿಸಿದ್ದವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಈ ಆಂಟಿಬಾಡಿ ಇತ್ತು ಎಂದು 1997ರಲ್ಲಿ ಪ್ರಕಟವಾಯಿತು. 35ಕ್ಕಿಂತ ಕಡಿಮೆ ವಯಸ್ಸಿನ, ಗ್ಯಾಡ್ ಇದ್ದವರಲ್ಲಿ 84% ಮಂದಿಗೆ ಆರು ವರ್ಷದೊಳಗೆ ಇನ್ಸುಲಿನ್ ಬೇಕಾಯಿತು. ಆಂಟಿಬಾಡಿ ಇಲ್ಲದವರಲ್ಲಿ ಬರೀ 14%. ನಿಧಾನವಾಗಿ ಬರುವ ಈ ಬಗೆಗೆ ವೈದ್ಯರು ಲಾಡಾ ಎನ್ನುತ್ತಾರೆ.

ಇಂಥವರಿಗೆ ಇನ್ಸುಲಿನ್ ಹೆಚ್ಚು ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಹೆಚ್ಚಿಸುತ್ತಾ ಹೋಗುವುದು ಬತ್ತುತ್ತಿರುವ ಬಾವಿಗೆ ದೊಡ್ಡ ಪಂಪ್ ಇಟ್ಟ ಹಾಗೆ. ಹಾಗೆಂದು ಗ್ಯಾಡ್ ಪಾಸಿಟಿವ್ ಬಂತೆಂದು ಆವತ್ತೇ ಸೂಜಿ ಹಿಡಿಯಬೇಕೆಂದೂ ಇಲ್ಲ. ಮೈಯಲ್ಲಿ ಇನ್ನೆಷ್ಟು ಇನ್ಸುಲಿನ್ ತಯಾರಾಗುತ್ತಿದೆ ಎಂದು ಸಿ-ಪೆಪ್ಟೈಡ್ ಪರೀಕ್ಷೆ ತಿಳಿಸುತ್ತದೆ. ಅದು ತೀರಾ ಇಳಿದಿದ್ದರೆ ಮಾತ್ರ ಕಾಯುವಂತಿಲ್ಲ. ‘ಇನ್ಸುಲಿನ್ ಹಿಡಿದರೆ ಬಿಡೋಕಾಗಲ್ಲ’ ಎಂದು ಮುಂದೂಡುತ್ತಾ ಹೋದರೆ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಏರಿ ವಾಂತಿ, ಏದುಸಿರು ಶುರುವಾಗಬಹುದು. ಜೋರು ಮಳೆಯಲ್ಲಿ ಘಟ್ಟದ ಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪುವುದು ಆಗ ಸುಲಭದ ಮಾತಲ್ಲ.